ಮಗ್ಗಿಯಂತೆ ಹೇಳಿಸಿದ ಅಕ್ಷರಗಳು

ಶಶಿ, ನಿನ್ನ ಎಡಗಣ್ಣು ಹಾಳಾದದ್ದು ನನ್ನಿಂದ. ಹದಿನೈದು ವರ್ಷ ಮುಚ್ಚಿಟ್ಟು, ಹಣೆಬರಹ ಅಂತ ಹೇಳಿಕೊಂಡು ಬಂದೆನಲ್ಲ — ಅದು ಹಸಿ ಸುಳ್ಳು.

ಆಗ ನಿನಗೆ ಏಳು. ನಂಜನಗೂಡಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಓದುತ್ತಿದ್ದೆ. ಬಲಗಣ್ಣು ಮುಚ್ಚಿದರೆ ಬೋರ್ಡು ಕಾಣುವುದಿಲ್ಲ ಅಂತ ಆಟದ ನಡುವೆ ಹೇಳಿದೆ. ಮುಂದಿನ ವಾರವೇ ಶಾಲೆಯಲ್ಲಿ ಕಣ್ಣಿನ ತಪಾಸಣೆ. ನರಸೀಪುರದಿಂದ ಬಂದಿದ್ದ ನಿನ್ನ ಅಜ್ಜಿ, "ಎಣ್ಮಗೀಗೆ ಈಗ್ಲೇ ಕನ್ನಡ್ಕ ಆಕುದ್ರೆ ನಾಳೆ ಯಾರವ್ವಾ ಒಪ್ಕತರೆ?" ಅಂದರು. ಅವರನ್ನು ಬೈಯಬೇಡ. ಅವರು ಅಂದರು, ಅಷ್ಟೇ. ಮಾಡಿದವಳು ನಾನು — ಓದಿದವಳು, ಟೀಚರಮ್ಮ!

ತಪಾಸಣೆಯ ಅಕ್ಷರದ ಪಟ ನನ್ನ ಸುಪರ್ದಿಯಲ್ಲಿತ್ತು. ಮನೆಗೆ ತಂದೆ. ಸಂಜೆ ಮಗ್ಗಿ ಹೇಳಿಸುವ ಹೊತ್ತಿನಲ್ಲಿ, ಮಗ್ಗಿಯ ರಾಗದಲ್ಲೇ, ಆ ಸಾಲುಗಳನ್ನು ಬಾಯಿಪಾಠ ಮಾಡಿಸಿದೆ. ಮೂರೇ ಸಂಜೆಗೆ ನೀನು ಕಲಿತುಬಿಟ್ಟೆ.

ತಪಾಸಣೆಯ ದಿನ ಬಲಗಣ್ಣು ಮುಚ್ಚಿಕೊಂಡು ಗಡಗಡ ಹೇಳಿದೆ. ಪರೀಕ್ಷೆ ಮಾಡುವವರ ಕೋಲು ಇನ್ನೂ ಮೂರನೇ ಸಾಲಿನಲ್ಲಿತ್ತು, ನೀನು ಕೊನೆ ಮುಟ್ಟಿದ್ದೆ. "ಭಾಳ ಚುರುಕು ಕಣ್ರೀ ನಿಮ್ಮ ಮಗಳು" ಅಂತ ಅವರು ನಕ್ಕರು. ನಾನೂ ನಕ್ಕೆ. ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ 'ಸರಿ ಇದೆ' ಅಂತ ನನ್ನ ಕೈಯಾರೆ ಬರೆದೆ.

ಅವತ್ತೇ, ದೂರದ್ದು ಕಾಣದೆಂದು ತರಗತಿಗೆ ಇಬ್ಬರು ಮೂವರು ಮಕ್ಕಳಿಗೆ ಕನ್ನಡಕದ ಚೀಟಿ ಕೊಟ್ಟೆವು. ಪೇಟೆಯ ಮಕ್ಕಳಲ್ಲಿ ಅಷ್ಟು ಮಾಮೂಲಾಗಿತ್ತು ಅದು. ಒಬ್ಬ ತಾಯಿ, "ಬ್ಯಾಡಿ ಮೇಡಮ್ಮು, ಎಣ್ಣುಡುಗಿ" ಅಂತ ಚೀಟಿ ವಾಪಸು ಕೊಡಲು ಬಂದಾಗ ನಾನು ಗದರಿದೆ: "ಕಣ್ಣಿಗಿಂತ ಮದುವೆ ಹೆಚ್ಚೇನ್ರೀ?" ಥೂ, ಎಂಥ ಭಂಡತನ ನನ್ನದು!

ನೀನು ಹೈಸ್ಕೂಲಿಗೆ ಬಂದಾಗ ಮೈಸೂರಿನ ಡಾಕ್ಟರು, "ಚಿಕ್ಕವಳಿದ್ದಾಗಲೇ ಕನ್ನಡಕ ಹಾಕಿದ್ರೆ ಈ ಕಣ್ಣು ಸುಧಾರಿಸ್ತಿತ್ತು, ಈಗ ಕಷ್ಟ" ಅಂದರು. "ಸ್ಕೂಲಲ್ಲಿ ಸರಿ ಇದೆ ಅಂದಿದ್ರಲ್ಲಮ್ಮಾ?" ಅಂದೆ ನೀನು. ಆ ಸಂಜೆಗಳು ನಿನಗೆ ಮರೆತೇ ಹೋಗಿದ್ದವು. ನನಗೆ ಮರೆತಿರಲಿಲ್ಲ, ಆದರೂ — ಹಣೆಬರಹ ಕಣೇ ಅಂದೆ.

ಕಾಲವೇ ಹಾಗಿತ್ತು ಅಂತ ನಾನು ಹೇಳುವುದಿಲ್ಲ. ತಾಯಿಯ ಪ್ರೀತಿ ಅಂತಲೂ ಹೇಳುವುದಿಲ್ಲ. ಮುಖವೇ ಕಾಣದ ಯಾವುದೋ ಗಂಡಿನ ಮನೆಯವರಿಗೆ ಹೆದರಿ ನನ್ನ ಮಗಳ ಕಣ್ಣು ಕಳೆದೆ.

ಭಾನುವಾರ ನಿನ್ನನ್ನು ನೋಡಲು ಬರುತ್ತಿರುವವರು, ಕನ್ನಡಕ ತೆಗೆದು ಕೂರಿಸಿ ಅಂತ ಹೇಳಿ ಕಳಿಸಿದ್ದಾರೆ. ನಿಮ್ಮಪ್ಪ ಹೂಂ ಅಂದಿದ್ದಾರೆ. ನಾನು ಅನ್ನುವುದಿಲ್ಲ. ಯಾರೇನು ಬೇಕಾದರೂ ಅಂದುಕೊಳ್ಳಲಿ, ಹೊಸ್ತಿಲಲ್ಲೇ ನಿಂತು ಹೇಳುತ್ತೇನೆ — ಇವಳ ಎಡಗಣ್ಣು ಮಂದ, ಹಾಗೆ ಮಾಡಿದವಳು ನಾನು, ಇಷ್ಟವಿದ್ದರೆ ಒಳಗೆ ಬನ್ನಿ.

ನೀನು ಕನ್ನಡಕ ಹಾಕಿಕೊಂಡೇ ಕೂರು. ಬೇಡವೆನಿಸಿದರೆ ಕೂರಲೇಬೇಡ.