ಹಳ್ಳಕ್ಕೆ ಇಳಿಯುವ ಮೆಟ್ಟಿಲು

ಗಂಗಾವತಿಯಲ್ಲಿ ನಮ್ಮ ಓಣಿಯ ಹಿಂದಿನ ಹಳ್ಳವನ್ನು ಸ್ವಚ್ಛ ಮಾಡಿ ದಂಡೆಯಲ್ಲಿ ಉದ್ಯಾನ ಮಾಡುತ್ತಾರೆಂದು ಗೊತ್ತಾದಾಗ ನಕ್ಷೆ ಹಾಕುವ ಹುಡುಗಿಯೊಬ್ಬಳು ಮನೆಮನೆಗೂ ಬಂದಳು. ದಂಡೆಯಲ್ಲಿ ಏನೇನಿರಬೇಕು ಎಂದು ಕೇಳಿದಳು. ಅಡ್ಡಾಡಲು ದಾರಿ, ಕೂರಲು ನೆರಳು ಎಂದೆ ನಾನು. ಅತ್ತೆಯ ಬೇಡಿಕೆ ಬೇರೆ ಇತ್ತು.

"ಇಳಿಯಾಕ ನಾಕು ಮೆಟ್ಟಿಲ ಮಾಡಸು ಯವ್ವಾ. ನೀರು ಕೈಗೆ ಸಿಗಬೇಕು ನೋಡು."

ಹುಡುಗಿ ಕೂತಲ್ಲೇ ಮೆಟ್ಟಿಲು ಬರೆದು ತೋರಿಸಿದಳು. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಊಟ ಮಾಡಿಸದೆ ಆಕೆಯನ್ನು ಕಳಿಸಲಿಲ್ಲ.

ಅತ್ತೆ ಸೊಸೆಯಾಗಿ ಬಂದ ಕಾಲಕ್ಕೆ ಓಣಿಯ ಬಾಣಂತಿಯರೆಲ್ಲ ಗಂಗಾಪೂಜೆಗೆ ಆ ಹಳ್ಳಕ್ಕೇ ಹೋಗುತ್ತಿದ್ದರು. ನಾನು ಬರುವಷ್ಟರಲ್ಲಿ ಗಟಾರದ ನೀರೆಲ್ಲ ಅದಕ್ಕೆ ಸೇರಿ, ಮೂಗು ಮುಚ್ಚಿಕೊಂಡು ದಾಟುವಂತಾಗಿತ್ತು. ನನ್ನ ಮಗ ಹುಟ್ಟಿದಾಗ ಹಿತ್ತಲಿನ ನಳದ ಮುಂದೆ ಪೂಜೆ ಮುಗಿಸಿದ್ದೆವು.

ಉದ್ಯಾನ ತೆರೆಯುವ ಹೊತ್ತಿಗೆ ನನ್ನ ಮಗಳು ಬಾಣಂತಿಯಾಗಿ ಮನೆಯಲ್ಲಿದ್ದಳು. ಹೆಣ್ಣು ಕೂಸು. ಆ ಗಡಿಬಿಡಿಯಲ್ಲಿ ನಾವ್ಯಾರೂ ಅತ್ತ ಹೋಗಿರಲಿಲ್ಲ.

"ಈ ಸಲ ಹಳ್ಳಕ್ಕ ಹೋಗೋಣು," ಎಂದು ಅತ್ತೆ ಓಣಿಯ ಮುತ್ತೈದೆಯರನ್ನು ತಾವೇ ಕರೆದು ಬಂದರು. ಮೊಣಕಾಲು ನೋವಿದ್ದರೂ ಎಲ್ಲರಿಗಿಂತ ಮುಂದೆ ನಡೆದರು.

ದಂಡೆ ನಿಜಕ್ಕೂ ಚೆಂದವಾಗಿತ್ತು. ಕಲ್ಲು ಹಾಸಿದ ದಾರಿ, ಹೊಂಗೆ ಸಸಿಗಳು, ಬೆಂಚುಗಳು. ಕೆಳಗೆ ತಿಳಿನೀರು ಹರಿಯುತ್ತಿತ್ತು. ಆದರೆ ಎರಡೂ ಬದಿಗೆ ನೆಟ್ಟಗೆ ಗೋಡೆ, ಅದರ ಮೇಲೆ ಎದೆಮಟ್ಟದ ಉಕ್ಕಿನ ಕಂಬಿ. ಮೆಟ್ಟಿಲು ಹುಡುಕುತ್ತ ಈ ತುದಿಯಿಂದ ಆ ತುದಿಗೆ ಹೋದೆವು. ಕಾವಲುಗಾರ ಎದ್ದು ಬಂದ.

"ಇಳಿಯಾಕ ದಾರಿ ಇಲ್ರೀ ಅಮ್ಮಾರ. ಯಾರರ ಬಿದ್ದಾರು ಅಂತ ಮೆಟ್ಟಿಲು ಕೈ ಬಿಟ್ಟಾರ."

ಅತ್ತೆ ಕಂಬಿ ಹಿಡಿದು ನೀರನ್ನೇ ನೋಡುತ್ತ ನಿಂತರು. ಕೂಸು ಬಿಸಿಲಿಗೆ ಅಳತೊಡಗಿತು. "ಅಜ್ಜಿ, ಅಲ್ಲಿ ಕುಡಿಯೋ ನೀರಿನ ನಳ ಐತಿ," ಎಂದಳು ಮಗಳು.

"ನಳ ಮನ್ಯಾಗೂ ಇತ್ತಲ್ಲವಾ," ಎಂದರು ಅತ್ತೆ. ಆದರೂ ನಳದ ಬುಡದಲ್ಲಿ ಐದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲ್ಲರಿಗೂ ಉಡಿ ತುಂಬಿದರು. ಗಂಗೆಯ ಹಾಡು ಮಾತ್ರ ಹೇಳಲಿಲ್ಲ.

ನಕ್ಷೆ ಹಾಕಿದ ಆ ಹುಡುಗಿಗೆ ಫೋನ್ ಮಾಡಿದೆ. ಮೆಟ್ಟಿಲು ಬೇಕೇ ಬೇಕೆಂದು ಜಗಳಾಡಿದ್ದಳಂತೆ, ಯಾರೂ ಕೇಳಲಿಲ್ಲವಂತೆ. ಅಜ್ಜಿಗೆ ಹೇಗೆ ಮುಖ ತೋರಿಸಲಿ ಎಂದಳು. ಅತ್ತೆಗೆ ಹೇಳಿದೆ. "ಪಾಪ, ಆಕೀ ಕೈಯಾಗ ಏನೈತಿ," ಎಂದರು. ಮತ್ತೆಂದೂ ಅವರು ದಂಡೆಗೆ ಬರಲಿಲ್ಲ. ಕರೆದಾಗಲೆಲ್ಲ ಕಾಲು ನೋವೆಂದರು. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು.

ಮೊನ್ನೆ ಮಗಳು ಬಂದಿದ್ದಾಗ ಮೊಮ್ಮಗಳನ್ನು ದಂಡೆಗೆ ಕರೆದುಕೊಂಡು ಹೋಗಿದ್ದೆ. ಕಂಬಿಯ ಸಂದಿನಲ್ಲಿ ಕೈ ತೂರಿಸಿ ನೀರು ಬೇಕೆಂದು ಹಟ ಹಿಡಿದಳು. ಎತ್ತಿಕೊಂಡು ದೂರದಿಂದಲೇ ತೋರಿಸಿ ಮನೆಗೆ ಕರೆತಂದೆ.