ಎಡಗಡೆಯ ವಾಲ್ವ್

ಆ ಭಾನುವಾರ ನಾನು ಆಂಪ್ಲಿಫೈಯರಿನ ವಾಲ್ವ್‌ಗಳನ್ನು ಅದಲುಬದಲು ಮಾಡಲಿಲ್ಲ. ಮಾಡಿದ್ದೇನೆಂದು ಎಲ್ಲರ ಎದುರಿಗೆ ಹೇಳಿದೆ. ಎಡಗಡೆಯದನ್ನು ತೆಗೆದು, ಬಟ್ಟೆಯಿಂದ ಒರೆಸಿ, ಎಡಗಡೆಗೇ ಹಾಕಿದೆ; ಬಲಗಡೆಯದನ್ನು ಬಲಗಡೆಗೇ ಹಾಕಿದೆ. ತಮ್ಮ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ, ಭಾವ. ಈ ಸಂಗತಿಯನ್ನು ತಮ್ಮ ಅವಗಾಹನೆಗೆ ತರುವಲ್ಲಿ ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಳಂಬ ಮಾಡಿದ್ದೇನೆ.

ನಾನು ಬರಹಗಾರನಲ್ಲ. ಕಚೇರಿಯಲ್ಲಿ ಇಷ್ಟು ವರ್ಷ ಬರೆದದ್ದೆಲ್ಲ ಪತ್ರಗಳು, ಮತ್ತು ಆ ಪತ್ರಗಳಿಗೆ ಬಂದ ಉತ್ತರಗಳಿಗೆ ಮರುಪತ್ರಗಳು. ಬೇರೆ ರೀತಿಯಲ್ಲಿ ಬರೆಯಲು ನನಗೆ ತಿಳಿಯದು. ಆದುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸಿಕೊಳ್ಳುತ್ತೇನೆ. ಇದನ್ನು ತಮ್ಮ ಎದುರಿಗೆ ಓದಿದ ನಂತರ ನಮ್ಮ ಕನ್ನಡ ಸಂಘದ ಮಾಸಿಕ ಪತ್ರಿಕೆಗೂ ಕೊಡುವವನಿದ್ದೇನೆ. ಸುಳ್ಳು ಹೇಳಿದ್ದು ನಾಲ್ಕು ಜನರ ನಡುವೆ. ನಿಜವನ್ನು ಮಾತ್ರ ಒಳಕೋಣೆಯಲ್ಲಿ ಹೇಳಿ ಮುಗಿಸುವುದು — ಅದು ಮತ್ತೊಂದು ಸುಳ್ಳಾದೀತು. ಹಾಗಾಗಿ ತಮಗೆ ಗೊತ್ತಿರುವ ಕೆಲವು ವಿಷಯಗಳನ್ನೂ, ಓದುವ ಇತರರ ಸಲುವಾಗಿ, ಇಲ್ಲಿ ನಮೂದಿಸಬೇಕಾಗಿದೆ. ಮನ್ನಿಸಿ.

ತಾವು ನನ್ನ ಹೆಂಡತಿ ಸುನಂದೆಯ ಅಣ್ಣ. ಧಾರವಾಡದಿಂದ ಬಂದು ಚೆಂಬೂರಿನಲ್ಲಿ ನೆಲೆಸಿದವರು, ವಿಮಾ ಕಚೇರಿಯ ಅಧಿಕಾರಿಗಳು, ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ನಾನು ಮೈಸೂರಿನ ಕಡೆಯವನು, ದಹಿಸರ್‌ನಲ್ಲಿ ವಾಸ. ಸಂಗೀತದ ಯಂತ್ರಗಳ ಹುಚ್ಚು ಮೊದಲು ಹಿಡಿದದ್ದು ನನಗೆ, ತಮಗಲ್ಲ. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್ಲಿಫೈಯರನ್ನು ಹುಡುಕಿ, ರಿಪೇರಿ ಮಾಡಿಸಿ, ತಮ್ಮ ಮನೆಯಲ್ಲಿ ಇರಿಸಿದವನು ನಾನೇ. ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಎಡಗಡೆಯ ಸ್ಪೀಕರಿಗೆ ಒಂದು ದೊಡ್ಡ ವಾಲ್ವ್, ಬಲಗಡೆಯದಕ್ಕೆ ಇನ್ನೊಂದು. ಬಳಸುತ್ತ ಬಳಸುತ್ತ ಅವು ಸೊರಗುತ್ತವೆ, ಆಗ ಬದಲಾಯಿಸಬೇಕು. ಆ ಕೆಲಸಕ್ಕೆ ತಾವು ಎಂದೂ ಕೈಹಾಕಲಿಲ್ಲ. "ಅದಕ್ಕ ರಾಯರ ಕೈಯೇ ಆಗಬೇಕು" ಎಂದು ನನ್ನನ್ನು ತೋರಿಸಿ ಬಂದವರಿಗೆಲ್ಲ ಹೇಳುತ್ತಿದ್ದಿರಿ.

ಭಾನುವಾರ ಬೆಳಿಗ್ಗೆ ತಮ್ಮ ಹಾಲ್‌ನಲ್ಲಿ ಐದಾರು ಜನ ಸೇರುತ್ತಿದ್ದೆವು. ಅವಲಕ್ಕಿ, ಚಹಾ, ಆಮೇಲೆ ರೆಕಾರ್ಡಿನ ಹಾಡು. ನಾನು ಸುನಂದೆಯನ್ನೂ ಮಗಳು ನಂದಿತಾಳನ್ನೂ ಕರೆದುಕೊಂಡು ದಹಿಸರ್‌ನಿಂದ ಲೋಕಲ್ ರೈಲು ಹಿಡಿದು, ದಾದರ್‌ನಲ್ಲಿ ಇಳಿದು, ಮತ್ತೊಂದು ಹತ್ತಿ ಬರುತ್ತಿದ್ದೆ. ಅಷ್ಟು ದೂರದಿಂದ ಬರುತ್ತಿದ್ದುದು ಸಂಗೀತ ಕೇಳಲೆಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಒಂದು ಸಲ, ತಿಂಗಳುಗಟ್ಟಲೆ ಓದಿ, ವಿಚಾರಿಸಿ, ಬೇರೆ ದೇಶದ ಒಂದು ಜೋಡಿ ವಾಲ್ವ್ ತರಿಸಿದೆ. ಯಾರಿಗೂ ಹೇಳದೆ ಎಲ್ಲರಿಗಿಂತ ಮೊದಲೇ ಬಂದು ಹಾಕಿ ಕುಳಿತೆ. ಹಾಡು ಆರಂಭವಾಯಿತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ನಿಜ ಹೇಳುತ್ತೇನೆ — ನನಗೆ ಏನೂ ತಿಳಿಯಲಿಲ್ಲ. ಮೊದಲಿನ ಹಾಗೆಯೇ ಇತ್ತು. ತಾವು ಅಡುಗೆಮನೆಯಿಂದ ಚಹಾ ಲೋಟಗಳನ್ನು ಹಿಡಿದು ಬರುತ್ತಿದ್ದವರು ಬಾಗಿಲಲ್ಲೇ ನಿಂತಿರಿ.

"ಏನೋ ಬದಲಾಗೇದ ನೋಡ್ರಿ. ಹಾಡೋರು ಒಂದ್ ಹೆಜ್ಜಿ ಮುಂದ ಸರದು ಕೂತಂಗ ಆಗೇದ."

ನಾನು ವಿಷಯ ತಿಳಿಸಿದೆ. ಹಾಲ್ ತುಂಬ ಚಪ್ಪಾಳೆ. ಆ ಚಪ್ಪಾಳೆ ವಾಲ್ವ್ ತಂದವನಿಗಲ್ಲ. ಪಕ್ಕದ ಮನೆಯ ಕುಲಕರ್ಣಿಯವರು ನನ್ನ ಬೆನ್ನು ತಟ್ಟಿ, "ರಾಯರ, ನೀವು ಬರೇ ಡಾಕ್ಟರ್ರು. ಪೇಶಂಟ್ ಮಾತಾಡೂದು ಏನಿದ್ರೂ ಇವರ ಜೋಡಿ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದಿರುಗುವಾಗ ಲೋಕಲ್‌ನಲ್ಲಿ ಸುನಂದೆ ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿ ಕೇಳಿದಳು: "ನಿಮಗ ಖರೇನ ಏನೂ ಗೊತ್ತಾಗಲಿಲ್ಲೇನು?"

ಅವಳು ಹಂಗಿಸಲಿಲ್ಲ. ಅವಳಿಗೆ ಆಶ್ಚರ್ಯವಾಗಿತ್ತು, ಅಷ್ಟೆ. ಹಂಗಿಸಿದ್ದರೆ ಸಹಿಸಬಹುದಾಗಿತ್ತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಬೆಳೆದದ್ದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರನ್ನು ಆಗ ನಾನು ಕೊಟ್ಟಿರಲಿಲ್ಲ. ತಮ್ಮ ಕಿವಿಯನ್ನು ಯಾರಾದರೂ ಹೊಗಳಿದರೆ ನನಗೆ ಎದ್ದು ನೀರು ಕುಡಿಯಬೇಕು ಎನಿಸುತ್ತಿತ್ತು. ನಂದಿತಾ ಶನಿವಾರಗಳಂದು ತಮ್ಮಲ್ಲಿ ಹಾಡು ಕಲಿಯಲು ಬರುತ್ತಿದ್ದಳು. ಮನೆಗೆ ಬಂದು "ಮಾಮಾ ಹೇಳಿದ್ರು, ಮಾಮಾ ಹೇಳಿದ್ರು" ಎನ್ನುವಾಗ ನಾನು ಟೀವಿಯ ಸದ್ದನ್ನು ಹೆಚ್ಚಿಸುತ್ತಿದ್ದೆ. ಓದಿದವನು ನಾನು, ಹುಡುಕಿದವನು ನಾನು, ವಾಲ್ವ್ ಬಿಸಿಯಾಗಿ ಬೆರಳು ಸುಟ್ಟುಕೊಂಡವನು ನಾನು — ಕೇಳಿಸುವುದು ಮಾತ್ರ ತಮಗೆ. ಇದು ನ್ಯಾಯವೇ ಎಂದು ಯಾರನ್ನು ಕೇಳುವುದು?

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಹಾಡು ನಡೆದಿತ್ತು. ತಾವು ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿ, "ಎಡಗಡೆ ಯಾಕೋ ಮಬ್ಬಾಗೇದ್ರೀ. ತಂಬೂರಿ ಗ್ವಾಡಿ ಆಚೆ ಕೂತಂಗ ಕೇಳಸ್ತದ" ಎಂದಿರಿ. ಅಲ್ಲಿದ್ದ ನಮಗೆ ಯಾರಿಗೂ ಹಾಗೆ ಅನಿಸಲಿಲ್ಲ; ನಂದಿತಾ ಅಂದು ಬಂದಿರಲಿಲ್ಲ. ಕುಲಕರ್ಣಿಯವರು ಬಿಡುತ್ತಾರೆಯೇ?

"ವಯಸ್ಸಾತು ನಿಮಗ. ಕಿವ್ಯಾಗ ಎರಡ್ ಹನಿ ಎಣ್ಣಿ ಬಿಟ್ಕೋರಿ!"

"ಇರಬಹುದು ಮಾರಾಯ," ಎಂದು ತಾವೂ ನಕ್ಕಿರಿ. "ರಾಯರ, ಎರಡೂ ವಾಲ್ವ್ ಅದಲುಬದಲು ಮಾಡಿ ನೋಡೂಣಲ್ಲ? ಮಬ್ಬು ಬಲಕ್ಕ ಬಂತಂದ್ರ ವಾಲ್ವಿಂದು ತಪ್ಪು. ಎಡಕ್ಕ ಉಳೀತಂದ್ರ ನನ್ನ ಕಿವೀದು."

ಯಂತ್ರದ ಒಳಗಿನ ಬೇರೆಲ್ಲವನ್ನೂ ಕೆಲವೇ ದಿನಗಳ ಹಿಂದೆ ನಾನೇ ತಪಾಸಣೆ ಮಾಡಿಸಿ ತಂದಿದ್ದೆ. ಆದ್ದರಿಂದ ತಾವು ಹೇಳಿದ ಪರೀಕ್ಷೆ ಸರಿಯಾದದ್ದೇ. ವಾಲ್ವ್ ತಣ್ಣಗಾಗುವವರೆಗೆ ಮುಟ್ಟುವಂತಿಲ್ಲ. ಎಲ್ಲರೂ ಬಾಲ್ಕನಿಗೆ ಹೋದಿರಿ. ನಾನೊಬ್ಬನೇ ಉಳಿದೆ.

ಎಡಗೈಯಲ್ಲಿ ಎಡಗಡೆಯದು, ಬಲಗೈಯಲ್ಲಿ ಬಲಗಡೆಯದು. ಮೊದಲು ಅದಲುಬದಲು ಮಾಡಲೆಂದೇ ತೆಗೆದದ್ದು — ಇಲ್ಲ, ಅದೂ ನಿಜವೋ ಏನೋ ಈಗ ಖಚಿತವಾಗಿ ಹೇಳಲಾರೆ. ಬಾಲ್ಕನಿಯಿಂದ ಸುನಂದೆಯ ದನಿ ಕೇಳಿಸುತ್ತಿತ್ತು: "ನಮ್ಮಣ್ಣ ಅಂದಾನಂದ್ರ ಇರಲಿಕ್ಕೇ ಬೇಕು, ನೋಡ್ರಿ ಬೇಕಾರ." ಅವಳಿಗೆ ಅನುಮಾನವೇ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಮಬ್ಬು ಬಲಕ್ಕೆ ಬರುತ್ತದೆ, ಮತ್ತೆ ಚಪ್ಪಾಳೆ, ಮತ್ತೆ ಬೆನ್ನು ತಟ್ಟುವುದು, ಮತ್ತೆ ಲೋಕಲ್‌ನಲ್ಲಿ ಆ ಪ್ರಶ್ನೆ. ವಾಲ್ವ್‌ಗಳು ಮೊದಲು ಎಲ್ಲಿದ್ದವೋ ಅಲ್ಲಿಗೇ ನನ್ನ ಕೈಗಳು ನೇರವಾಗಿ ಹೋದವು. ಯಾವುದು ಯಾವುದೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಇದರಲ್ಲಿ ಕೈತಪ್ಪಿನ ಮಾತಿಲ್ಲ.

"ಬದಲಾಯಿಸಿದ್ದೀನಿ, ಭಾವ."

ನಾನು ಹೇಳಿದ್ದು ಇಷ್ಟೇ. ತಾವು ಬಂದು ಕುಳಿತು ಕಣ್ಣು ಮುಚ್ಚಿದಿರಿ. ಅದೇ ಹಾಡು, ಅದೇ ಭಾಗ. ಬಹಳ ಹೊತ್ತು ಕೇಳಿದಿರಿ. ನಾನು ತಮ್ಮ ಮುಖವನ್ನೇ ನೋಡುತ್ತಿದ್ದೆ — ತಾವು ಬಲಕ್ಕೆ ಬಂತೆಂದು ಹೇಳಲಿ, ಮಾನ ಉಳಿಸಿಕೊಳ್ಳಲು ಹಾಗೆ ಹೇಳಲಿ ಎಂದು ಕಾಯುತ್ತಿದ್ದೆ. ಆಗ ತಮ್ಮ ಕಿವಿಯೆಲ್ಲ ಬರಿಯ ಊಹೆ ಎಂದು ನನಗಾದರೂ ರುಜುವಾತಾಗುತ್ತಿತ್ತು.

"ಇಲ್ರೀ," ಎಂದಿರಿ. "ಎಡಕ್ಕ ಅದ."

ಆ ಕೋಣೆಯಲ್ಲಿ ತಮ್ಮ ಕಿವಿ ಎಷ್ಟು ಸತ್ಯ ನುಡಿಯಿತೆಂದು ತಿಳಿದವನು ನಾನೊಬ್ಬನೇ. ಆ ಸತ್ಯವನ್ನೇ ನಾನು ತಮ್ಮ ವಿರುದ್ಧ ಬಳಸಿದೆ. "ಹಾಗಾದರೆ ವಾಲ್ವ್ ಸರಿಯಾಗೇ ಇದೆ" ಎಂದೆ.

ತಾವು ಎಡಗಿವಿಯನ್ನು ಒಮ್ಮೆ ಅಂಗೈಯಿಂದ ಮುಚ್ಚಿ ತೆರೆದಿರಿ. "ಹಂಗಾರ ನನ್ನ ಕಿವೀನ ಹೋತು ಬಿಡ್ರಿ." ಕುಲಕರ್ಣಿಯವರು ಈ ಸಲ ಹಾಸ್ಯ ಮಾಡಲಿಲ್ಲ.

ಆಗ ಯಾರಾದರೂ ಒಬ್ಬರು, "ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂತು ಕೇಳಿ" ಎಂದಿದ್ದರೆ ಸಾಕಾಗಿತ್ತು. ಮಬ್ಬು ತಮ್ಮ ಬಲಗಿವಿಗೆ ಬಂದು ನನ್ನ ಸುಳ್ಳು ಅಲ್ಲಿಯೇ ಬಯಲಾಗುತ್ತಿತ್ತು. ಯಾರೂ ಹೇಳಲಿಲ್ಲ. ತಮಗೂ ಹೊಳೆಯಲಿಲ್ಲ. ವಾಲ್ವಿನ ವಿಷಯದಲ್ಲಿ ನನ್ನ ಮಾತನ್ನು ಇನ್ನೊಮ್ಮೆ ಪರಿಶೀಲಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಮುಂದಿನದನ್ನು ಬರೆಯುವುದು ಕಷ್ಟವಾಗುತ್ತಿದೆ. ತಾವು ವೈದ್ಯರ ಬಳಿ ಹೋದಿರಿ. ಅವರು ವಯಸ್ಸಿಗೆ ತಕ್ಕಂತೆ ಎರಡೂ ಕಿವಿ ಚೆನ್ನಾಗಿವೆ ಎಂದರು. ತಮಗೆ ಕೇಳಿಸಿದ್ದು "ವಯಸ್ಸಿಗೆ ತಕ್ಕಂತೆ" ಎಂಬುದು ಮಾತ್ರ. ಒಮ್ಮೆ ಅನುಮಾನ ಹೊಕ್ಕ ಮೇಲೆ ಬಾಗಿಲ ಗಂಟೆಯೂ ಫೋನಿನ ಮಾತೂ ಎಡಕ್ಕೆ ಮಬ್ಬಾಗಿ ಕೇಳತೊಡಗಿದವು. ಭಾನುವಾರಗಳು ನಿಂತವು. ಆಮೇಲೆ ಒಂದು ಶನಿವಾರ ನಂದಿತಾಳನ್ನು ಕರೆದುಕೊಂಡು ನಾನೇ ಬಂದಿದ್ದೆ. ತಾವು ತಂಬೂರಿಯ ಗವಸನ್ನು ತೆಗೆಯಲಿಲ್ಲ.

"ಮಾಮಾ, ಮೇರಾ ಕುಛ್ ಗಲತ್ ಹುವಾ ಕ್ಯಾ?" ಎಂದಳು ಅವಳು. "ನಾನು ರೋಜ್ ರಿಯಾಜ್ ಮಾಡ್ತೀನಿ ನಾ!"

"ನಿಂದೇನೂ ತಪ್ಪಿಲ್ಲವ್ವಾ. ನನಗ ಸರಿ ಕೇಳಸ್ಲಿಲ್ಲಂದ್ರ ನಿನ್ನ ಸುರ ಹಾಳಾಗ್ತದ. ಬ್ಯಾರೆ ಕಡೆ ಕಲಿ, ಬಂಗಾರ."

ಬೇರೆ ಕಡೆ ಅವಳು ಕಲಿಯಲಿಲ್ಲ. ಒಂದೆರಡು ಕ್ಲಾಸ್‌ಗಳಿಗೆ ಹೋಗಿ ಬಿಟ್ಟಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ — ಇನ್ನೊಂದು ಮನಸ್ಸಿಗೆ, ಈ ಮನೆಯಲ್ಲಿ ಇನ್ನು "ಮಾಮಾ ಹೇಳಿದ್ರು" ಎಂಬ ಮಾತು ಇಲ್ಲ ಎಂಬ ನೆಮ್ಮದಿಯೂ ಇತ್ತು. ಇದ್ದುದನ್ನು ಇಲ್ಲವೆಂದು ಬರೆಯಲಾರೆ.

ಕೆಲವು ತಿಂಗಳಾದ ಮೇಲೆ ತಾವು ಆಂಪ್ಲಿಫೈಯರನ್ನು ನನಗೇ ಕೊಟ್ಟಿರಿ. "ಇದರ ಬೆಲೆ ಗೊತ್ತಿದ್ದೋರು ನೀವು. ಇಟ್ಕೋರಿ" ಎಂದಿರಿ. ನಾನು ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದು, ಹೇಗೋ ಜಾಗ ಮಾಡಿ, ಕೆಲವು ದಿನ ಹಾಡು ಹಾಕಿದೆ. ಬಳಿಕ ಲ್ಯಾಮಿಂಗ್ಟನ್ ರಸ್ತೆಯ ಒಬ್ಬ ರಿಪೇರಿಯವನಲ್ಲಿ ಎರಡೂ ವಾಲ್ವ್‌ಗಳನ್ನು ಪರೀಕ್ಷೆ ಮಾಡಿಸಿದೆ. ಬಲಗಡೆಯದಕ್ಕೆ ಮೀಟರಿನ ಮುಳ್ಳು ಎದ್ದು ನಿಂತಿತು. ಎಡಗಡೆಯದಕ್ಕೆ ಅರ್ಧಕ್ಕೇ ಒರಗಿತು. "ಯೇ ತೋ ಬೈಠ್ ಗಯಾ ಸಾಬ್" ಎಂದು, ಕೆಲಸ ಮುಗಿದ ಆ ವಾಲ್ವನ್ನು ಅವನು ಪಕ್ಕಕ್ಕೆ ಸರಿಸಿದ.

ಹೊಸದನ್ನು ತಂದು ಹಾಕಿದೆ. ಹಾಡು ಹಾಕಿ ಕುಳಿತೆ. ನನಗೆ ಆಗಲೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ಭಾವ. ಪಕ್ಕದಲ್ಲೇ ಕುಳಿತು ಪರೀಕ್ಷೆಗೆ ಓದುತ್ತಿದ್ದ ನಂದಿತಾ ಮಾತ್ರ ಪುಸ್ತಕದಿಂದ ತಲೆಯೆತ್ತದೆ, "ಪಪ್ಪಾ, ಅಬ್ ಠೀಕ್ ಹೈ. ಮೊದಲು ಈ ಸೈಡ್ ಸ್ವಲ್ಪ ಡಲ್ ಇತ್ತು ನಾ?" ಎಂದಳು.

ಅವಳು ಕೈ ತೋರಿಸಿದ್ದು ಎಡಕ್ಕೆ. ತಮ್ಮ ಕಿವಿ ನನ್ನ ಮಗಳಲ್ಲಿ ಇತ್ತು. ನಾನು ಕಸಿದುಕೊಂಡದ್ದು ಯಾರಿಂದ ಎಂದು ಆ ಸಂಜೆ ನನಗೆ ಪೂರ್ತಿಯಾಗಿ ತಿಳಿಯಿತು. ತಿಳಿದ ಮೇಲೂ ಇಷ್ಟು ವರ್ಷ ಸುಮ್ಮನಿದ್ದೆ. ಮೊದಲನೆಯ ತಪ್ಪಿಗಿಂತ ಇದು ದೊಡ್ಡದು. ಈ ಬಗ್ಗೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಕಳೆದ ತಿಂಗಳು ಮಲಾಡ್‌ನಲ್ಲಿ, ನಮ್ಮ ನೆಂಟರ ಮನೆಯ ಗೃಹಪ್ರವೇಶದಲ್ಲಿ, ಹಾಡಲು ಕುಳಿತ ನಂದಿತಾ ತಂಬೂರಿಯನ್ನು ತಮ್ಮ ಕಡೆಗೆ ಹಿಡಿದು "ಮಾಮಾ, ಸುರ್ ಸರಿ ಇದೆ ಕ್ಯಾ?" ಎಂದಳು. ಅವಳೀಗ ಕೆಲಸಕ್ಕೆ ಹೋಗುವ ಹುಡುಗಿ. ಇಷ್ಟು ವರ್ಷಗಳ ನಂತರ ಮತ್ತೆ ಹಾಡಬೇಕೆನಿಸಿದೆ ಅವಳಿಗೆ. ತಾವು ಎರಡೂ ಕೈಗಳನ್ನು ಅಡ್ಡ ಹಿಡಿದು, "ನನ್ನ ಕೇಳಬ್ಯಾಡವ್ವಾ" ಎಂದು ಎದ್ದು ಹೊರಗೆ ಹೋದಿರಿ. ತಂಬೂರಿಯ ಶ್ರುತಿ ಕೊಂಚ ಇಳಿದಿತ್ತೆಂದು ಆಮೇಲೆ ಯಾರೋ ಹೇಳಿದರು. ತಮಗೆ ಅದು ಕೇಳಿಸಿತ್ತು. ತಮ್ಮ ಮುಖ ನೋಡಿದವನಿಗೆ ಅದರಲ್ಲಿ ಸಂಶಯವಿರಲಿಲ್ಲ. ಕೇಳಿಸಿಯೂ ತಾವು ನಂಬಲಿಲ್ಲ.

ಈ ದಿನ ಬೆಳಿಗ್ಗೆ ಸುನಂದೆಗೆ ಎಲ್ಲವನ್ನೂ ತಿಳಿಸಿದೆ. ಅವಳು ಅಳಲಿಲ್ಲ. "ಅಣ್ಣಗ ನೀವೇ ಹೇಳ್ರಿ. ನಾ ಹೇಳಂಗಿಲ್ಲ. ನಾ ಜೋಡಿನೂ ಬರಂಗಿಲ್ಲ" ಎಂದಳು. ಆ ಭಾನುವಾರದಿಂದ ಇಂದಿನವರೆಗೆ ಅವಳು ತಮ್ಮ ಎಡಗಡೆ ಕುಳಿತಾಗ ದನಿ ಏರಿಸಿ ಮಾತನಾಡುತ್ತ ಬಂದಿದ್ದಾಳೆ. ಆ ಪ್ರತಿಯೊಂದು ಮಾತಿಗೂ ನಾನು ಹೊಣೆ.

ಇದನ್ನು ಓದಿದವರೆಲ್ಲ ಮತ್ತೆ ತಮ್ಮ ಕಿವಿಯನ್ನು ಹೊಗಳುತ್ತಾರೆ. ಸುಳ್ಳಿನ ನಡುವೆಯೂ ತಪ್ಪದೆ "ಎಡಕ್ಕ ಅದ" ಎಂದರಲ್ಲ ಎಂದು ಮೊದಲಿಗಿಂತ ಹೆಚ್ಚಾಗಿಯೇ ಹೊಗಳುತ್ತಾರೆ. ಅದನ್ನು ನೆನೆದರೆ ಈಗಲೂ, ಈ ಸಾಲು ಬರೆಯುವಾಗಲೂ, ನನ್ನೊಳಗೆ ಒಂದು ಚಿಕ್ಕ ಕಿಡಿ ಚುರ್ ಎನ್ನುತ್ತದೆ. ಅದು ಹೋಗಿದೆ ಎಂದು ಬರೆದರೆ ಇದು ಶುದ್ಧ ಬರಹವಾಗುತ್ತಿತ್ತು, ಆದರೆ ನಿಜವಾಗುತ್ತಿರಲಿಲ್ಲ. ಹೋಗದಿದ್ದರೂ ಹೇಳಬೇಕು. ಹೋಗಲಿ ಎಂದು ಕಾದುದರಿಂದಲೇ ಇಷ್ಟು ವರ್ಷಗಳಾದವು.

ನಂದಿತಾಳಿಗೆ ಇನ್ನೂ ತಿಳಿದಿಲ್ಲ. ಅವಳನ್ನು ಕರೆದುಕೊಂಡು ಬರುತ್ತೇನೆ. ಅವಳ ಎದುರಿಗೇ ಇದನ್ನು ಓದಿ ಹೇಳಬೇಕು. ಹೇಳಿ ಮುಗಿದ ಮೇಲೆ ನಾನು ಕೆಳಗಿಳಿದು ಗೇಟಿನ ಬಳಿ ನಿಲ್ಲುತ್ತೇನೆ. ತಾವಿಬ್ಬರೂ ನನ್ನ ಬಗ್ಗೆ ಏನನ್ನು ಮಾತನಾಡಿಕೊಂಡರೂ ಅದು ನನಗೆ ಕೇಳಿಸಬಾರದು. ಕೇಳಿಸಿಕೊಳ್ಳುವ ಹಕ್ಕು ನನಗಿಲ್ಲ.