ಶಿಬಿರದಲ್ಲಿ ನನಗೆ ಸಿಕ್ಕ ಬಡ್ತಿ

ನಮ್ಮ ಶಿಬಿರಾಧಿಕಾರಿಗಳ ಬಳಿ ಒಂದು ಸೀಟಿ, ಒಂದು ಬಿಳಿ ಟೋಪಿ ಮತ್ತು ‘ಶಿಸ್ತು’ ಎಂಬ ಒಂದೇ ಒಂದು ಪದ ಇತ್ತು. ಕಾಲೇಜಿನಲ್ಲಿ ಅವರು ಇತಿಹಾಸದ ಮೇಷ್ಟ್ರು. ಅಲ್ಲಿ ಅವರ ಮಾತನ್ನು ಮೊದಲ ಬೆಂಚಿನವರೂ ಕೇಳುತ್ತಿರಲಿಲ್ಲ. ಆ ಸಿಟ್ಟನ್ನೆಲ್ಲ ವರ್ಷಕ್ಕೊಮ್ಮೆ ಹತ್ತು ದಿನದ ಸೇವಾ ಶಿಬಿರದಲ್ಲಿ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಐದಕ್ಕೆ ಏಳಲು ಸೀಟಿ, ಹಲ್ಲುಜ್ಜಲು ಸೀಟಿ, ಪ್ರಾರ್ಥನೆಗೆ ಸೀಟಿ, ಉಪ್ಪಿಟ್ಟಿಗೂ ಸೀಟಿ. ಸಾಲು ಒಂಚೂರು ಸೊಟ್ಟಗಾದರೆ ದೇಶವೇ ಹಾಳಾಯಿತು ಎನ್ನುವಂತೆ ಮುಖ ಮಾಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡಿನ ಕಾಲೇಜಿನಿಂದ ಹೋದ ನಾವು ಅರವತ್ತು ಜನ, ಕಪಿಲೆಯ ಆಚೆ ದಡದ ಒಂದು ಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದೆವು. ಸೇವೆ ಎಂದರೆ ಚರಂಡಿ ತೋಡುವುದು. ಹೋದ ವರ್ಷದ ಶಿಬಿರದವರು ತೋಡಿ, ಊರಿನವರು ಕಸ ಸುರಿದು ಮುಚ್ಚಿದ್ದ ಚರಂಡಿಯನ್ನೇ ನಾವು ಮತ್ತೆ ತೋಡಿದೆವು. ಊರಿನ ಗಂಡಸರು ಜಗಲಿಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ, ಎಲ್ಲಿ ಆಳ ಸಾಲದು ಎಂದು ನಮಗೆ ತೋರಿಸಿಕೊಟ್ಟರು. ಫೋಟೋದವನು ಬಂದ ದಿನ ಮಾತ್ರ ಇಬ್ಬರು ಎದ್ದು ಬಂದು ಗುದ್ದಲಿ ಹಿಡಿದರು.

ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಯಾಕೆ ಸಹಿಸಿದಿರಿ ಎಂದರೆ, ಪ್ರಮಾಣಪತ್ರಕ್ಕಾಗಿ. ಅದಿದ್ದರೆ ಶಿಕ್ಷಕರ ತರಬೇತಿಗೆ ಸೀಟು ಸಿಗುವುದು ಸಲೀಸು ಎಂದು ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ನಮ್ಮ ಕಾಲೋನಿಯಲ್ಲಿ ಅಲ್ಲಿಯವರೆಗೆ ಒಬ್ಬಳೂ ಟೀಚರ್ ಆಗಿರಲಿಲ್ಲ. ಅಪ್ಪ ಆಗಲೇ ನನ್ನನ್ನು ‘ಮೇಡಮ್ಮು’ ಎಂದು ಕರೆಯಲು ಶುರು ಮಾಡಿದ್ದರು.

ಅಡುಗೆ ತಂಡತಂಡವಾಗಿ ನಮ್ಮದೇ. ನಮ್ಮ ತಂಡದ ಸರದಿ ಮೂರನೆಯ ದಿನ. ಅವತ್ತು ಅವ್ವ ಮಾಡುವ ಹಾಗೆ ಉಪ್ಪುಸಾರು ಮಾಡಿ ಅರವತ್ತು ಜನರ ಕೈಲೂ ಸೈ ಎನಿಸಿಕೊಳ್ಳುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ. ಹಿಂದಿನ ದಿನ ಸಂಜೆ ಅಧಿಕಾರಿಗಳು ಕರೆದರು.

“ನಿನ್ನ ಅಕ್ಷರ ಮುತ್ತಿನ ಹಾಗಿದೆ ಕಣಮ್ಮ. ಅಡುಗೆ ಗಿಡುಗೆ ಯಾರು ಬೇಕಾದ್ರೂ ಮಾಡ್ತಾರೆ. ನಾಳೆಯಿಂದ ದಿನದ ವರದಿ ನಿನ್ನ ಜವಾಬ್ದಾರಿ.”

ಹಿರಿಹಿರಿ ಹಿಗ್ಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಲ್ಲ. ಉಳಿದವರು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದರೆ ನಾನು ಮರದ ಕೆಳಗೆ ಕುರ್ಚಿ ಹಾಕಿಕೊಂಡು, “ಎಲ್ಲ ಶಿಬಿರಾರ್ಥಿಗಳೂ ಒಂದೇ ತಾಯಿಯ ಮಕ್ಕಳಂತೆ ಒಟ್ಟಾಗಿ ಅಡುಗೆ ಮಾಡಿ ಉಂಡರು” ಎಂದು ಬರೆದೆ. ಸಂಜೆ ಅದನ್ನು ಓದಿದಾಗ ಚಪ್ಪಾಳೆಯೂ ಬಿತ್ತು.

ಐದನೆಯ ದಿನ ನರಸೀಪುರದ ಕಡೆಯ ಗೆಳತಿ ಬಂದು ಪಕ್ಕದಲ್ಲಿ ಕೂತಳು. ನಂಜನಗೂಡಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅವಳಿಗೂ ಬಡ್ತಿ ಸಿಕ್ಕಿತ್ತು, ಬಾವುಟ ಏರಿಸಿ ಇಳಿಸುವ ಕೆಲಸ.

“ಅಲ್ಲ ಕಣಮ್ಮಿ, ವರದಿಗೆ ನೀನು, ಬಾವುಟಕ್ಕೆ ನಾನು, ಗಂಟೆ ಹೊಡಿಯಕ್ಕೆ ಆ ಕೊನೆ ಬೆಂಚಿನ ಹುಡ್ಗ. ನಮ್ ಮೂರು ಜನಕ್ಕೇ ಯಾಕಂತೆ ಪ್ರಮೋಷನ್ನು? ನಾವು ಮೂರು ಜನಾನೂ ಯಾವ ಬೀದಿಯೋರು, ಯೋಳು ನೋಡವ?”

ನಾನು ಎದ್ದು ಅಡುಗೆಮನೆಗೆ ಹೋಗಿ ಸಾರಿನ ಕೊಪ್ಪರಿಗೆಯಲ್ಲಿದ್ದ ಸೌಟಿಗೆ ಕೈ ಹಾಕಿದೆ. ಅಲ್ಲಿದ್ದ ನನ್ನದೇ ಕ್ಲಾಸಿನ ಹುಡುಗಿ ಮೆತ್ತಗೆ ನನ್ನ ಕೈ ಹಿಡಿದಳು. “ಬೇಡ ಕಣೆ, ಸರ್ ಬೈತಾರೆ. ಅಕ್ಕಿ ಕೊಟ್ಟ ಯಜಮಾನ್ರು ಮಧ್ಯಾಹ್ನ ಇಲ್ಲೇ ಊಟಕ್ಕೆ ಬರ್ತಾರಲ್ಲ, ಅವರು ಮೊದ್ಲೇ ಹೇಳಿದ್ರಂತೆ. ನೀನು ಹೋಗಿ ವರದಿ ಬರಿ.” ಅವಳ ಮುಖದಲ್ಲಿ ಕೆಡುಕಿರಲಿಲ್ಲ. ನಿಜವಾಗಿ ನನಗೇ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು.

ಆಮೇಲೆ ಆ ಯಜಮಾನರನ್ನು ದಿನವೂ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಊಟವಾದ ಮೇಲೆ ದೊಡ್ಡದೊಂದು ತೇಗು. ಅವರ ಪಕ್ಕದಲ್ಲಿ ನಮ್ಮ ಶಿಸ್ತಿನ ಸಿಪಾಯಿ ಮಜ್ಜಿಗೆ ಚೊಂಬು ಹಿಡಿದು ನಿಂತಿರುತ್ತಿದ್ದರು. ಅರವತ್ತು ಜನರನ್ನು ನಡುಗಿಸುತ್ತಿದ್ದ ಮನುಷ್ಯ ಒಂದು ಮೂಟೆ ಅಕ್ಕಿಯ ಎದುರು ಹಲ್ಲು ಕಿರಿಯುತ್ತಿದ್ದುದನ್ನು ನೋಡಿ ನನಗೆ ಅಸಹ್ಯವಾಯಿತು.

ಸಮಾರೋಪದ ಹಿಂದಿನ ಮಧ್ಯಾಹ್ನ ಹತ್ತು ದಿನದ ವರದಿ ಬರೆಯಲು ಕೂತೆ. “ಮೂವರನ್ನು ಅಡುಗೆಮನೆಯಿಂದ ಹೊರಗಿಡಲಾಯಿತು” ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಯಾಕೆ, ಯಾರು ಹೇಳಿದ್ದು ಎಂಬುದನ್ನೂ ಬರೆದೆ. ಆಗಲೇ ಅಧಿಕಾರಿಗಳು ಪ್ರಮಾಣಪತ್ರಗಳ ಕಟ್ಟು ತಂದು ನನ್ನೆದುರು ಇಟ್ಟರು.

“ಎಲ್ಲರ ಹೆಸರೂ ನೀನೇ ತುಂಬಮ್ಮ. ವರದಿ ಕೇಳಿದ ಮೇಲೆ ಸಹಿ ಹಾಕ್ತೀನಿ. ಅತ್ಯುತ್ತಮ ಶಿಬಿರಾರ್ಥಿ ಅಂತಿರೋದ್ರಲ್ಲಿ ನಿನ್ನ ಹೆಸರೇ ಬರ್ಕೋ.”

ಬೆದರಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಅವರು ಅತ್ತ ಹೋದದ್ದೇ ನಾನು ರಬ್ಬರು ತೆಗೆದುಕೊಂಡು ಆ ಸಾಲುಗಳನ್ನು ಅಳಿಸಿದೆ. ಹಾಳೆ ಹರಿಯದ ಹಾಗೆ, ಗುರುತೂ ಉಳಿಯದ ಹಾಗೆ, ಬಹಳ ಶಿಸ್ತಿನಿಂದ ಅಳಿಸಿದೆ.

ಮಾರನೆಯ ದಿನ ವೇದಿಕೆಯ ಮೇಲೆ ಯಜಮಾನರೂ ಇದ್ದರು. “ಒಂದೇ ತಾಯಿಯ ಮಕ್ಕಳಂತೆ” ಎಂಬ ಸಾಲು ಬಂದಾಗ ದನಿ ಏರಿಸಿ ಓದಿದೆ. ಗೆಳತಿ ಬಾವುಟದ ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೈ ಕಟ್ಟಿಕೊಂಡೇ ಇದ್ದಳು.

ನಂಜನಗೂಡಿನ ಬಸ್ಸಿನಲ್ಲಿ ನಾನು ಅವಳಿಗೆಂದು ಸೀಟು ಹಿಡಿದಿದ್ದೆ. ಅವಳು ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಹೇಳಿದಳು: “ಚೆಂದಾಗಿ ಓದ್ದೆ ಕಣಮ್ಮಿ. ಕೇಳ್ತಾ ಕೇಳ್ತಾ ನಾನೂ ಅಡ್ಗೆ ಮಾಡಿದ್ನೇನೋ ಅಂತ ನಂಗೇ ಅನ್ನುಸ್ಬುಡ್ತು.”

ತರಬೇತಿಗೆ ಸೀಟು ಸಿಕ್ಕಿತು, ಟೀಚರೂ ಆದೆ. ಅಪ್ಪ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕದಲ್ಲಿ ನೇತುಹಾಕಿದರು. ಬಂದವರಿಗೆಲ್ಲ ಅದನ್ನು ತೋರಿಸಿ, ನಮ್ಮ ಹುಡುಗಿಯ ಹೆಸರನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ ಎನ್ನುತ್ತಿದ್ದರು. ಬರೆದವಳು ನಾನೇ ಎಂದು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.